ಟವರ್ ಹತ್ತದೆ ಕುಳಿತ ದಿನ

ಮೊನ್ನೆ ಮಗಳಿಗೆ ಶಾಲೆಯ ಚೀಲ ಕೊಳ್ಳಲು ಕಾಸರಗೋಡು ಪೇಟೆಗೆ ಹೋಗಿದ್ದೆ. ಅವಳು ಬಣ್ಣ ನೋಡುತ್ತಿದ್ದಳು, ನಾನು ಪಟ್ಟಿ ನೋಡುತ್ತಿದ್ದೆ. ಹೊಸ ನೈಲಾನ್ ಪಟ್ಟಿಗೆ ಒಂದು ವಾಸನೆ ಇರುತ್ತದೆ, ನೀವೂ ಗಮನಿಸಿರಬಹುದು. ಅರ್ಧ ಪ್ಲಾಸ್ಟಿಕ್, ಅರ್ಧ ಸೀಮೆಎಣ್ಣೆ. ಅದು ಮೂಗಿಗೆ ಬಡಿದದ್ದೇ ತಡ, ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಹೊಲಿಗೆ ಕೂಡುವ ಜಾಗದಲ್ಲಿ ಜಗ್ಗಿ ಜಗ್ಗಿ ನೋಡಿದೆ. ಅಂಗಡಿಯವರು ನಕ್ಕರು. "ಪುಸ್ತಕ ಹಾಕ್ಲಿಕ್ಕೆ ಅಲ್ವಾ ಟೀಚರ್? ಆನೆ ಕಟ್ಟಿದ್ರೂ ತುಂಡಾಗುದಿಲ್ಲ ಇದು." ಮಗಳಿಗೆ ನಾಚಿಕೆಯಾಯಿತು. ನನಗೂ ಸ್ವಲ್ಪ ಆಯಿತು. ಆದರೆ ಕೈ ಕೇಳಬೇಕಲ್ಲ, ಅದಕ್ಕೆ ಅದರದ್ದೇ ನೆನಪು.

ನಾನು ಇಂಜಿನಿಯರಿಂಗ್ ಮುಗಿಸಿದ ಹೊತ್ತಿಗೆ ನಮ್ಮ ಜಿಲ್ಲೆಯ ಒಂದೊಂದು ಗುಡ್ಡದ ನೆತ್ತಿಯಲ್ಲೂ ಕೆಂಪು-ಬಿಳಿ ಬಣ್ಣದ ಮೊಬೈಲ್ ಟವರು ಏಳುತ್ತಿತ್ತು. ನನಗೂ ಅದರಲ್ಲೇ ಕೆಲಸ ಸಿಕ್ಕಿತು. ಮೊಬೈಲ್ ಕಂಪೆನಿಯಲ್ಲಿ ಎಂದುಕೊಳ್ಳಬೇಡಿ. ಕಂಪೆನಿ ಒಬ್ಬ ಗುತ್ತಿಗೆದಾರನಿಗೆ ಕೊಟ್ಟ ಕೆಲಸವನ್ನು ಅವನು ಇನ್ನೊಬ್ಬನಿಗೆ ಕೊಟ್ಟಿದ್ದ. ಆ ಇನ್ನೊಬ್ಬನ ಆಫೀಸು ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ಇತ್ತು. ಅಲ್ಲಿ ನಾನು ಟ್ರೈನಿ ಇಂಜಿನಿಯರ್. ಅಮ್ಮ ಮಧೂರಿನ ನಮ್ಮ ಕೇರಿಗೆಲ್ಲ ಹೇಳಿ ಬಂದಳು. ನಾನೂ ಕಮ್ಮಿಯಿಲ್ಲ, ಸ್ವಂತ ಖರ್ಚಿನಲ್ಲಿ ವಿಸಿಟಿಂಗ್ ಕಾರ್ಡು ಮಾಡಿಸಿಕೊಂಡೆ. ಕೊಡಲು ಜನ ಸಿಗದೆ ನೆಂಟರಿಗೆ ಹಂಚಿದೆ.

ನಮ್ಮ ಮನೆಗೆ ಸಿಮೆಂಟಿನ ಕೆಲಸಕ್ಕೆ ಬಂದ ಮೇಸ್ತ್ರಿ ಐತಪ್ಪಣ್ಣ ಒಮ್ಮೆ ಚಾ ಕುಡಿಯುತ್ತಾ ನನ್ನ ಸಂಬಳ ಎಷ್ಟೆಂದು ಕೇಳಿದರು. ಹೇಳಿದೆ.

"ವಾರಕ್ಕಾ?"

"ಅಲ್ಲ, ತಿಂಗಳಿಗೆ."

ಅವರು ಲೋಟ ಕೆಳಗಿಟ್ಟು, ಒಳಗಿದ್ದ ಅಮ್ಮನಿಗೆ ಕೇಳದ ಹಾಗೆ, "ಇರ್ಲಿ ಮಗಾ, ಸುರುವಿಗೆ ಎಲ್ರಿಗೂ ಹಾಗೆಯೇ" ಎಂದು ನನ್ನನ್ನು ಸಮಾಧಾನ ಮಾಡಿದರು. ಅದಕ್ಕೆ ಸಂಬಳ ಎಂಬ ಹೆಸರೂ ಇರಲಿಲ್ಲ. ತರಬೇತಿ ಮುಗಿಯುವವರೆಗೆ ಸ್ಟೈಪೆಂಡ್. ಆರು ತಿಂಗಳ ತರಬೇತಿ ಮುಗಿದ ಮೇಲೆ ಇನ್ನೂ ಆರು ತಿಂಗಳ ತರಬೇತಿ ಎಂದರು. ಎಲ್ಲರಿಗಿಂತ ಹೆಚ್ಚು ಸಮಯ ಕಲಿಯುವ ದಡ್ಡಿ ನಾನೇ ಇರಬೇಕೆಂದು ಮೊದಮೊದಲು ನಂಬಿದ್ದೆ.

ನನ್ನ ಜತೆಗಾರ ದಿನೇಶ. ಬೋವಿಕಾನದವನು, ಡಿಪ್ಲೊಮಾ ಮಾಡಿದವನು, ಕಡ್ಡಿಯ ಹಾಗೆ ಸಪೂರ. ಅವನು ಟವರ್ ಹತ್ತುವುದು, ನಾನು ಕೆಳಗೆ ನಿಲ್ಲುವುದು. ಹೆಣ್ಣುಮಗಳು ಎಂದು ನನ್ನನ್ನು ಹತ್ತಲು ಬಿಡುತ್ತಿರಲಿಲ್ಲ. ಹತ್ತುವುದಿಲ್ಲ ಎಂದು ಸ್ಟೈಪೆಂಡನ್ನು ಅವನಿಗಿಂತಲೂ ಕಮ್ಮಿ ಮಾಡಿದ್ದರು. ಟವರಿನ ಮೇಲೆ ಡೋಲಿನಂಥ ಒಂದು ಡಿಶ್ ಇರುತ್ತದೆ. ಅದು ಬೇರೊಂದು ಗುಡ್ಡದ ಡಿಶ್ಶನ್ನು ನೇರವಾಗಿ ನೋಡುತ್ತಿರಬೇಕು. ಗಾಳಿಗೆ ತುಸು ತಿರುಗಿದರೂ ಸಾಕು, ಕೆಳಗಿನ ಊರಿನ ಫೋನುಗಳೆಲ್ಲ ಮೂಕ. ಆಗ ದಿನೇಶ ಮೇಲೆ ಹೋಗಿ ಅದನ್ನು ತಿರುಗಿಸಬೇಕು. ನಾನು ಮೀಟರ್ ನೋಡಿ ಎಡವೋ ಬಲವೋ ಎಂದು ಕೂಗಬೇಕು. ಗಾಳಿಯಲ್ಲಿ ಕೂಗು ಕೇಳದಿದ್ದರೆ ಅವನು ಬೆವರು ಒರೆಸುವ ಕೆಂಪು ಬೈರಾಸನ್ನು ಬಾವುಟದ ಹಾಗೆ ಬೀಸುತ್ತಿದ್ದೆ. ನಾಲ್ಕು ವರ್ಷ ಓದಿದ ವಿದ್ಯೆಯಲ್ಲಿ ಬೈರಾಸು ಬೀಸುವ ಪಾಠ ಮಾತ್ರ ಇರಲಿಲ್ಲ.

ಮೇಲೆ ಹತ್ತುವವನಿಗೆ ಸೊಂಟಕ್ಕೆ, ಹೆಗಲಿಗೆ ಕಟ್ಟುವ ಸುರಕ್ಷೆಯ ಬೆಲ್ಟ್ ಬೇಕು. ಇಡೀ ಆಫೀಸಿಗೆ ಇದ್ದದ್ದು ಒಂದು. ಅದರ ಹೊಲಿಗೆಯೂ ಬಿಚ್ಚಿ ನಾರು ನಾರಾಗಿತ್ತು. ಅದು ಯಾವಾಗಲೂ ಬೇರೆ ತಂಡದ ಜೀಪಿನಲ್ಲಿ, ನೀಲೇಶ್ವರದ ಕಡೆಗೋ ಎಲ್ಲಿಗೋ ಹೋಗಿರುತ್ತಿತ್ತು. ಕೇಳಿದಾಗೆಲ್ಲ ನಮ್ಮ ಮ್ಯಾನೇಜರ್ ಸಾರಿನದ್ದು ಮಲೆಯಾಳದಲ್ಲಿ ಒಂದೇ ಉತ್ತರ, "ನೋಕ್ಕಾಂ." ನೋಡೋಣ ಎಂದು ಅರ್ಥ, ನೋಡುವುದಿಲ್ಲ ಎಂದು ತಾತ್ಪರ್ಯ.

ಮಳೆಗಾಲಕ್ಕೆ ಮುಂಚಿನ ಗಾಳಿಯ ದಿನಗಳು. ಪೆರ್ಲದ ಹತ್ತಿರದ ಒಂದು ಗುಡ್ಡದಲ್ಲಿ ಡಿಶ್ ತಿರುಗಿದೆ ಎಂದು ನಮ್ಮಿಬ್ಬರನ್ನು ಕಳಿಸಿದರು. ಬೆಳಗ್ಗಿನ ಬಸ್ಸಿನಲ್ಲಿ ಹೋಗಿ ಗುಡ್ಡ ಹತ್ತಿದೆವು. ಮುರಕಲ್ಲಿನ ಬೋಳು ನೆತ್ತಿ, ನಿಲ್ಲಲು ನೆರಳಿಲ್ಲ. ಬೆಲ್ಟ್ ಎಂದಿನಂತೆ ಇರಲಿಲ್ಲ. ದಿನೇಶ ಚಪ್ಪಲಿ ಕಳಚಿಟ್ಟು, ಸ್ಪ್ಯಾನರನ್ನು ಸೊಂಟಕ್ಕೆ ಸಿಕ್ಕಿಸಿ ಹತ್ತಿದ. ಅವನು ಡಿಶ್ಶಿನ ಬೋಲ್ಟು ಸಡಿಲಿಸುವುದಕ್ಕೂ ಪಶ್ಚಿಮದಿಂದ ಗಾಳಿ ಬೀಸುವುದಕ್ಕೂ ಸರಿಹೋಯಿತು. ಡಿಶ್ ರಪ್ಪನೆ ತಿರುಗಿ ಅವನ ಹೆಗಲಿಗೆ ಹೊಡೆಯಿತು. ಅವನ ಕಾಲು ಕಬ್ಬಿಣದಿಂದ ಜಾರಿದ್ದನ್ನು ನಾನು ಕಂಡೆ. ಎರಡೂ ಕಾಲು ಆಕಾಶದಲ್ಲಿ, ಎರಡೂ ಕೈ ಒಂದು ಅಡ್ಡಪಟ್ಟಿಯಲ್ಲಿ. ಸ್ಪ್ಯಾನರ್ ಕಬ್ಬಿಣಕ್ಕೆ ತಾಗುತ್ತಾ ತಾಗುತ್ತಾ ಬಂದು ನನ್ನ ಪಕ್ಕದ ಕಲ್ಲಿಗೆ ಬಿತ್ತು. ನಾನು ಕೂಗಲಿಲ್ಲ. ಕೂಗಿದರೆ ಅವನು ಕೆಳಗೆ ನೋಡುತ್ತಾನೆ ಎಂಬ ಹೆದರಿಕೆ. ಬೈರಾಸನ್ನು ಬಾಯಿಗೆ ಒತ್ತಿ ಹಿಡಿದು ನಿಂತೆ. ಅವನ ಒಂದು ಕಾಲು ಹುಡುಕಿತು, ತಪ್ಪಿತು, ಮತ್ತೆ ಹುಡುಕಿತು. ಸಿಕ್ಕಿತು.

ಇಳಿದು ಬಂದವನಿಗೆ ನೀರಿನ ಬಾಟಲಿ ಹಿಡಿಯಲಾಗಲಿಲ್ಲ, ನಾನೇ ಕುಡಿಸಿದೆ. ಕುಡಿದು ಮುಗಿಸಿ ಅವನೆಂದ, "ಇನ್ನು ಬೆಲ್ಟ್ ಇಲ್ಲದೆ ನಾನು ಹತ್ತುದಿಲ್ಲ ಮಾರಾಯ್ತಿ."

"ಹತ್ತುದು ಬೇಡ," ಎಂದೆ. "ನಾನೂ ಮೀಟರ್ ಹಿಡಿಯುದಿಲ್ಲ."

ಗುಡ್ಡದ ಬುಡದ ಅಂಗಡಿಯಲ್ಲಿ ನಾಣ್ಯ ಹಾಕುವ ಫೋನ್ ಇತ್ತು. ಅಲ್ಲಿಂದ ಮ್ಯಾನೇಜರ್ ಸಾರಿಗೆ ಹೇಳಿದೆ. ಅವರು ಮೊದಲು ದಿನೇಶನಿಗೆ ಏಟಾಯಿತೇ ಎಂದು ಕೇಳುತ್ತಾರೆಂದುಕೊಂಡಿದ್ದೆ. ಕೇಳಿದ್ದು, "ಡಿಶ್ಶಿಗೆ ಏನಾದರೂ ಆಯಿತೇ?" ಆಮೇಲೆ ಮೆತ್ತಗೆ, ಸಾಯಂಕಾಲದೊಳಗೆ ಸಿಗ್ನಲ್ ಬರದಿದ್ದರೆ ಇಬ್ಬರಿಗೂ ಅನುಭವದ ಸರ್ಟಿಫಿಕೇಟ್ ಸಿಗಲಿಕ್ಕಿಲ್ಲ, ನಿಮ್ಮ ಜಾಗಕ್ಕೆ ಹೊರಗೆ ಸಾಲು ನಿಂತಿದ್ದಾರೆ ಎಂದರು. "ಬೆಲ್ಟ್ ಕಳಿಸಿ ಸಾರ್" ಎಂದು ಮತ್ತೊಮ್ಮೆ ಹೇಳಿ ಫೋನ್ ಇಟ್ಟೆ. ಧೈರ್ಯದಿಂದ ಇಟ್ಟೆ ಎಂದು ಬರೆಯಬಹುದಿತ್ತು. ನಿಜ ಹೇಳಬೇಕೆಂದರೆ ನಾಣ್ಯ ಮುಗಿದಿತ್ತು.

ಮತ್ತೆ ಮೇಲೆ ಹೋಗಿ ಟವರಿನ ಬುಡದಲ್ಲಿ ಕುಳಿತೆವು. ಅರೆಬರೆ ಇದ್ದ ಸಿಗ್ನಲ್ ಕೂಡ ಈಗ ಪೂರ್ತಿ ಹೋಗಿತ್ತು. ಅಷ್ಟರಲ್ಲಿ ಊರವರು ಒಬ್ಬೊಬ್ಬರಾಗಿ ಗುಡ್ಡ ಹತ್ತಿ ಬಂದರು. "ಎಂತ, ಸಂಬಳ ತಗೊಂಡು ಕೂತುಕೊಳ್ಳಲಿಕ್ಕೆ ಬಂದದ್ದಾ?" ಎಂದು ಒಬ್ಬ ಜೋರು ಮಾಡಿದ. ಅವರ ನಡುವಿನಿಂದ ಒಬ್ಬ ಹೆಂಗಸು ಮುಂದೆ ಬಂದಳು. ಯಶೋದಕ್ಕ ಎಂದು ಹೆಸರು. ಗಂಡ ಗಲ್ಫಿನಲ್ಲಿ, ಅತ್ತೆ ಪುತ್ತೂರಿನ ಆಸ್ಪತ್ರೆಯಲ್ಲಿ. ಅವತ್ತೇ ಆಪರೇಷನ್. ಮೈದುನ ಆಸ್ಪತ್ರೆಯ ಹತ್ತಿರದ ಬೂತಿನಿಂದ ಫೋನ್ ಮಾಡುತ್ತೇನೆಂದಿದ್ದ. ಗಂಡನೂ ಗಲ್ಫಿನಿಂದ ಮಾಡುತ್ತಾನೆ. ಅವಳ ಕೈಯಲ್ಲಿದ್ದ ಫೋನು ಕಲ್ಲಿನ ಹಾಗೆ ಕೂತಿತ್ತು.

"ಒಂದು ಸಲ ಸರಿಮಾಡಿ ಕೊಡಿ ಮಗಾ," ಎಂದಳು ದಿನೇಶನಿಗೆ.

ದಿನೇಶ ತಲೆ ತಗ್ಗಿಸಿ ಬೆಲ್ಟಿನ ವಿಷಯ ಹೇಳಿದ. ಜನ ಕತ್ತೆತ್ತಿ ಟವರಿನ ತುದಿ ನೋಡಿದರು. ಆಮೇಲೆ ಅಡಿಕೆ ಕೊಯ್ಯುವ ಒಬ್ಬರು, ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದ, "ನನ್ನಲ್ಲಿ ಗಟ್ಟಿ ಹಗ್ಗ ಉಂಟು, ತರ್ತೇನೆ. ಸೊಂಟಕ್ಕೆ ಕಟ್ಟಿ ಹತ್ತು" ಎಂದರು.

ದಿನೇಶ ಎದ್ದು ನಿಂತ. ಅವನ ಕಣ್ಣು ಯಶೋದಕ್ಕನ ಫೋನಿನ ಮೇಲಿತ್ತು. ಜೋರು ಮಾಡಿದವರಿಗೆ ಅವನು ಬಗ್ಗುವವನಲ್ಲ, ಬೇಡಿದವರಿಗೆ ಬಗ್ಗುವವನು. ನಾನು ಅವನ ಅಂಗಿ ಹಿಡಿದೆ.

"ಬೇಡ ದಿನೇಶ. ಇವತ್ತು ಹಗ್ಗದಲ್ಲಿ ಆಯ್ತು ಅಂತಾದ್ರೆ ನಾಳೆಯೂ ಹಗ್ಗವೇ. ಮತ್ತೆ ಬೆಲ್ಟ್ ಯಾವತ್ತೂ ಬರುದಿಲ್ಲ."

ಯಶೋದಕ್ಕ ನನ್ನ ಕಡೆ ತಿರುಗಿದಳು. "ಮಲಗಿದ್ದು ನಿನ್ನ ಅಮ್ಮ ಆಗಿದ್ರೆ ಹೀಗೆ ಹೇಳ್ತಿದ್ಯಾ?"

ನಾನು ದಿನೇಶನ ಅಂಗಿ ಬಿಡಲಿಲ್ಲ. ಅವಳು ದಿನೇಶನ ಕೈ ನೋಡಿದಳು. ಕಬ್ಬಿಣ ಉಜ್ಜಿ ಅಂಗೈಯ ಚರ್ಮ ಸುಲಿದು ಬಂದಿತ್ತು. "ನಿಮ್ಮ ಸಾರಿನ ನಂಬರ್ ಕೊಡಿ" ಎಂದು ಕೇಳಿ, ಸರಸರನೆ ಗುಡ್ಡ ಇಳಿದಳು.

ಅಂಗಡಿಯ ಫೋನಿನಲ್ಲಿ ಅವಳು ಮಲೆಯಾಳದಲ್ಲಿ ಸಾರಿಗೆ ಎಂತ ಹೇಳಿದಳೋ ನನಗೆ ಗೊತ್ತಿಲ್ಲ. ಆಮೇಲೆ ಅಂಗಡಿಯವರು ನಗುತ್ತಾ ಹೇಳಿದ್ದಿಷ್ಟು: ಅವಳಾದ ಮೇಲೆ ಉಳಿದವರೂ ಸಾಲಾಗಿ ನಿಂತು ನಾಣ್ಯ ಹಾಕಿದರಂತೆ; ಕೊನೆಗೆ ಸಾರ್ ಫೋನ್ ಎತ್ತುವುದನ್ನೇ ಬಿಟ್ಟರಂತೆ. ಯಶೋದಕ್ಕ ಮಾತ್ರ ಅಲ್ಲಿ ನಿಲ್ಲದೆ ಸಿಕ್ಕಿದ ಬಸ್ಸಿನಲ್ಲಿ ಪುತ್ತೂರಿಗೆ ಹೋದಳು.

ಬಿಸಿಲು ಇಳಿಯುವ ಮೊದಲು ಜೀಪು ಬಂತು. ಜೀಪಿನಲ್ಲಿ ನೈಲಾನ್ ವಾಸನೆಯ ಹೊಸ ಬೆಲ್ಟು, ಅಂಗಡಿಯ ಚೀಟಿಯೂ ಕಿತ್ತಿರಲಿಲ್ಲ. ಅಷ್ಟು ತಿಂಗಳು ಸಿಗದ್ದು ಕಾಸರಗೋಡು ಪೇಟೆಯಲ್ಲೇ ಇತ್ತು. ಅದರ ಹೊಲಿಗೆಯನ್ನು ನಾನೂ ದಿನೇಶನೂ ಆಚೆ ಈಚೆ ನಿಂತು ಜಗ್ಗಿ ನೋಡಿದೆವು. ಅವನು ಕೈಗೆ ಬೈರಾಸು ಸುತ್ತಿಕೊಂಡು ಹತ್ತಿದ. ನಾನು ಗಂಟಲು ಹರಿಯುವಷ್ಟು ಕೂಗಿದೆ. ಮಬ್ಬು ಕವಿಯುವಾಗ ಗುಡ್ಡದ ಕೆಳಗೆ ಎಲ್ಲೋ ಒಂದು ಫೋನ್ ರಿಂಗಾಯಿತು.

ಯಶೋದಕ್ಕನ ಅತ್ತೆ ಬದುಕಿದರು. ಮುಂದಿನ ಸಲ ನಾವು ಹೋದಾಗ ಅವಳು ದಿನೇಶನಲ್ಲಿ ಬಹಳ ಹೊತ್ತು ಮಾತಾಡಿದಳು, ನನ್ನಲ್ಲಿ ಮಾತಾಡಲಿಲ್ಲ. ಎಲ್ಲ ತಂಡಕ್ಕೂ ಬೆಲ್ಟ್ ಬಂತು. ನಮ್ಮ ತರಬೇತಿ ಮಾತ್ರ ಏಕಾಏಕಿ ಮುಗಿಯಿತು. ಖಾಲಿ ಹುದ್ದೆ ಇಲ್ಲವೆಂದರು. ನಾನು ಪಾಲಿಟೆಕ್ನಿಕ್ಕಿನಲ್ಲಿ ಟೀಚರಾದೆ. ದಿನೇಶ ಗಲ್ಫಿಗೆ ಹೋಗಿ ಬಂದು, ಬೋವಿಕಾನದಲ್ಲಿ ಮನೆಗಳ ಮಾಡಿಗೆ ಸೋಲಾರ್ ಹಾಕುವ ಸಣ್ಣ ಕಂಪೆನಿ ತೆರೆದ.

ಈಗ ಕೇಳಿ. ಚೀಲ ಕೊಂಡು ಬಂದ ಮರುದಿನವೇ ಅವನ ಫೋನ್. ಕೆಲಸ ಜೋರಿದೆ, ಡಿಪ್ಲೊಮಾ ಮುಗಿಸಿದ ಮಕ್ಕಳು ಬೇಕು ಎಂದ.

"ಸಂಬಳ ಎಷ್ಟು ಕೊಡ್ತಿ?"

"ಮೊದಲ ಆರು ತಿಂಗಳು ಟ್ರೈನಿಂಗ್ ಅಲ್ವಾ ಮಾರಾಯ್ತಿ. ಸ್ಟೈಪೆಂಡ್ ಅಂತ ಏನಾದ್ರೂ..."

ನನಗೆ ಸಿಟ್ಟು ಬಂತೋ ನಗು ಬಂತೋ ಗೊತ್ತಾಗಲಿಲ್ಲ. "ನೀನೇ ನನ್ನ ಕ್ಲಾಸಿಗೆ ಬಂದು ಮಕ್ಕಳ ಎದುರು ಹೇಳು" ಎಂದೆ.

ಬಂದ. ಇಸ್ತ್ರಿ ಹಾಕಿದ ಅಂಗಿ, ಸ್ವಲ್ಪ ಹೊಟ್ಟೆ. ಯಾರೂ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಳ್ಳದೆ ಮಾಡು ಹತ್ತುವ ಹಾಗಿಲ್ಲ ಎಂದು ಮೊದಲೇ ಹೇಳಿದ. ಅದನ್ನು ಹೇಳುವಾಗ ಅವನ ಸ್ವರ ಗಡಸಾಯಿತು. ಆಮೇಲೆ ತರಬೇತಿ, ಸ್ಟೈಪೆಂಡ್. ನಾನು ಬಾಗಿಲ ಬಳಿ ನಿಂತಿದ್ದೆ. ಎರಡನೇ ಬೆಂಚಿನಿಂದ ಒಬ್ಬಳು ಎದ್ದಳು. ಕ್ಲಾಸಿನಲ್ಲಿ ಹೆಚ್ಚು ಮಾತಾಡದ ಹುಡುಗಿ.

"ಸಾರ್, ಆ ಆರು ತಿಂಗಳು ನಾವು ಮಾಡಿದ ಕೆಲಸಕ್ಕೆ ಸೋಲಾರ್ ಹಾಕಿಸಿದ ಮನೆಯವರು ನಿಮಗೆ ಪೂರ್ತಿ ದುಡ್ಡು ಕೊಡ್ತಾರಾ?"

ದಿನೇಶ ನನ್ನನ್ನು ನೋಡಿದ. ನಾನು ಸಹಾಯಕ್ಕೆ ಹೋಗಲಿಲ್ಲ.

"ಕೊಡ್ತಾರೆ," ಎಂದ.

"ಹಾಗಾದ್ರೆ?"

ಅವನು ಕುತ್ತಿಗೆ ಒರೆಸಿಕೊಂಡ, ಕಿಟಕಿಯ ಹೊರಗೆ ನೋಡಿದ, ಮತ್ತೆ ಆ ಹುಡುಗಿಯನ್ನು ನೋಡಿದ. "ಮೊದಲ ತಿಂಗಳಿಂದಲೇ ಪೂರ್ತಿ ಸಂಬಳ," ಎಂದ ಕೊನೆಗೆ. "ಹುಡುಗಿಯರಿಗೂ ಅಷ್ಟೇ."

ವರಾಂಡಕ್ಕೆ ಬಂದವನೇ ಉಸಿರು ಬಿಟ್ಟ. "ಎಂಥ ಮಕ್ಕಳನ್ನು ತಯಾರು ಮಾಡಿದ್ದಿ ಮಾರಾಯ್ತಿ! ನೀನು ಹೇಳಿಕೊಟ್ಟದ್ದಾ?"

"ಅಲ್ಲ. ನನಗೂ ಈಗಲೇ ಗೊತ್ತಾದ್ದು."

"ಅವಳ ಹೆಸರು ಎಂತ?"

"ಅವಳನ್ನೇ ಕೇಳು," ಎಂದೆ.

ಮೆಟ್ಟಿಲ ಕಡೆ ಎರಡು ಹೆಜ್ಜೆ ಇಟ್ಟ ದಿನೇಶ ನಿಂತ. ಮತ್ತೆ ತಿರುಗಿ, ಕ್ಲಾಸಿನೊಳಗೆ ಹೋದ.