ಓದು ಬಾರದವಳ ಪೇಪರು

ನಮ್ಮ ಗೋರೆಗಾಂವಿನ ಮನೆಯ ಅಡುಗೆಕೋಣೆಯಲ್ಲಿ ಗೋಡೆಗೆ ಹೊಡೆದ ಮೂರು ಹಲಗೆಗಳಿವೆ. ಕೆಳಗಿನ ಎರಡಕ್ಕೂ ಹಳೆಯ ಪೇಪರು ಹಾಸಿ, ಅದರ ಅಂಚನ್ನು ನನ್ನ ಹೆಂಡತಿ ವಿಮಲಾ ತೋರಣದ ಹಾಗೆ ಕತ್ತರಿಸಿ ಇಳಿಬಿಟ್ಟಿದ್ದಾಳೆ. ಮೇಲಿನದು ಮಾತ್ರ ಬೋಳು. ಬಂದವರು ಯಾರಾದರೂ “ಅಲ್ಲಿಗೆ ಪೇಪರು ಸಾಲಲಿಲ್ಲವೇ?” ಎಂದು ಕೇಳಿದರೆ ಅವಳು ನನ್ನ ಮುಖ ನೋಡುತ್ತಾಳೆ, ನಾನು ಕಿಟಕಿ ನೋಡುತ್ತೇನೆ. ನೀವು ಮನೆಯವರ ಹಾಗೆ, ನಿಮಗೆ ಹೇಳಬಹುದು.

ಪತ್ರಿಕೆಯಷ್ಟು ಅಲ್ಪಾಯುಷಿಯಾದ ವಸ್ತು ಇನ್ನೊಂದಿಲ್ಲ. ಬೆಳಿಗ್ಗೆ ಬಾಗಿಲಿಗೆ ಬಿದ್ದು, ಲೋಕಲ್ ರೈಲಿನ ನೂಕುನುಗ್ಗಲಲ್ಲಿ ನಾಲ್ಕು ಮಡಿಕೆಯಾಗಿ ಚರ್ಚ್‌ಗೇಟಿನವರೆಗೆ ಪ್ರಯಾಣ ಮಾಡಿ, ಸಂಜೆಗೆ ಕಡಲೆಕಾಯಿಯ ಪೊಟ್ಟಣವಾಗುತ್ತದೆ. ಈ ಒಂದು ಹಗಲಿನ ಬಾಳಿಗಾಗಿ ಎಲ್ಲೋ ಹಿಮ ಬೀಳುವ ದೇಶದಲ್ಲಿ, ನಮ್ಮ ನಾಲಿಗೆಗೆ ಹೆಸರೂ ಹೊರಳದ ಮರವೊಂದು ಅಜ್ಜನ ವಯಸ್ಸಿಗೆ ಬೆಳೆದು ಬೀಳಬೇಕು. ಇಲ್ಲವೇ ನಮ್ಮದೇ ಕಾಡಿನ ಬಿದಿರುಮೆಳೆ ಬರಿದಾಗಬೇಕು. ಒಂದು ಟನ್ ಕಾಗದಕ್ಕೆ ಎಷ್ಟು ಮರ ಎಂದು ಆಗೆಲ್ಲ ಕಂಡಕಂಡವರನ್ನು ಕೇಳುತ್ತಿದ್ದೆ. ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುತ್ತಿದ್ದರು. ಮರ ಎಷ್ಟು ದಪ್ಪ ಎಂದರೆ ಎಲ್ಲರೂ ಮಾತು ಬದಲಿಸುತ್ತಿದ್ದರು. ನಾನು ಆ ಸಂಖ್ಯೆಗಳಲ್ಲಿ ದೊಡ್ಡದನ್ನೇ ಆರಿಸಿಕೊಂಡೆ. ಭಾಷಣಕ್ಕೆ ಅದು ಚೆನ್ನಾಗಿ ಒಪ್ಪುತ್ತಿತ್ತು.

ಭಾಷಣದ ಹಕ್ಕು ನನಗಿದೆಯೆಂದೇ ನಂಬಿದ್ದೆ. ಜೋಗೇಶ್ವರಿಯ ಸಣ್ಣದೊಂದು ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ರದ್ದಿಯನ್ನು ತೊಟ್ಟಿಯಲ್ಲಿ ನೆನೆಹಾಕಿ, ಅರೆದು, ಗಂಜಿ ಮಾಡಿ, ಒತ್ತಿ ಒಣಗಿಸಿದರೆ ರಟ್ಟಾಗುತ್ತದೆ. ಅಚ್ಚಿನ ಮಸಿಯನ್ನು ತೆಗೆಯುವ ಉಪಾಯ ನಮ್ಮಲ್ಲಿರಲಿಲ್ಲ. ಊರಿನ ಸುದ್ದಿಯೆಲ್ಲ ಕರಗಿ ರಟ್ಟು ಬೂದುಬಣ್ಣಕ್ಕೆ ತಿರುಗುತ್ತಿತ್ತು. ಎಪ್ಪತ್ತರ ದಶಕದಲ್ಲಿ ಒಮ್ಮೆ ನ್ಯೂಸ್‌ಪ್ರಿಂಟಿಗೆ ಬರ ಬಂದು ಪತ್ರಿಕೆಗಳೆಲ್ಲ ಪುಟ ಕಳೆದುಕೊಂಡು ಬಡಕಲಾದಾಗ, ನಾನು ನಮ್ಮ ಕಾಲೊನಿಯ ಕನ್ನಡಿಗರ ಕೂಟದಲ್ಲಿ ಎದ್ದುನಿಂತು, ಮನೆಮನೆಯ ರದ್ದಿಯೂ ಕಾರ್ಖಾನೆಗೆ ಬರಲಿ, ಒಂದೊಂದು ಹಾಳೆಯೂ ಒಂದೊಂದು ಕೊಂಬೆಯನ್ನು ಉಳಿಸುತ್ತದೆ ಎಂದು ಸಾರಿದೆ. ಚಪ್ಪಾಳೆ ಬಿತ್ತು. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ ಎನಿಸಿಕೊಳ್ಳಬಾರದೆಂದು ನನ್ನ ಮನೆಯಿಂದಲೇ ಶುರುಮಾಡಿದೆ.

ವಿಮಲಾ ತಾಯಿಗೆ ಹುಷಾರಿಲ್ಲವೆಂದು ಮೈಸೂರಿಗೆ ಹೋಗಿದ್ದಳು. ಹೊರಗೆ ಮಳೆ ಹೊಯ್ಯುತ್ತಿತ್ತು. ಹಲಗೆಗಳ ಮೇಲಿನ ಡಬ್ಬಿಗಳನ್ನಿಳಿಸಿ ಹಾಸಿದ್ದನ್ನೆಲ್ಲ ಎಳೆದುಹಾಕಿದೆ. ಮೇಲಿನ ಹಲಗೆಯಲ್ಲಿ, ಹಾಸಿನ ಅಡಿಗೆ, ಮಡಿಸಿಟ್ಟ ಇಂಗ್ಲಿಷ್ ಪತ್ರಿಕೆಯ ಹಾಳೆಯೊಂದು ಸಿಕ್ಕಿತು. ಹಳದಿಗಟ್ಟಿತ್ತು. ಬಿಚ್ಚಿಯೂ ನೋಡಿದೆ. ಎತ್ತರದ ಕಟ್ಟಡದ ನೆತ್ತಿಯಲ್ಲಿ ಸಾಲಾಗಿ ನಿಂತ ಏಳೆಂಟು ಕೂಲಿಗಳ ಚಿತ್ರ, ಕೆಳಗೆ ಕಟ್ಟಡದ ಹೆಸರು, ಅದರ ಮಾಲೀಕರ ಹೆಸರು, ನಿಂತವರ ಹೆಸರಿಲ್ಲ. ಇದಕ್ಕೂ ಒಂದು ಮರ ಬಿತ್ತಲ್ಲ ಎಂದು ಮರುಗಿದೆ. ಮರಕ್ಕಾಗಿ ಮರುಗಿದೆ, ನೋಡಿ! ಮರುಗಿ, ಕಾರ್ಖಾನೆಗೆ ಒಯ್ಯುವ ರದ್ದಿಯ ಮೂಟೆಗೆ ತುರುಕಿದೆ.

ಆ ಹಾಳೆ ನೀಲವ್ವನದು. ನೀಲವ್ವ ವಿಜಾಪುರದ ಕಡೆಯವಳು. ಗಂಡನ ಜೊತೆ ಇಟ್ಟಿಗೆ ಹೊರಲು ಈ ಊರಿಗೆ ಬಂದು, ಅವನು ಜ್ವರದಲ್ಲಿ ತೀರಿಕೊಂಡ ಮೇಲೆ ನಮ್ಮ ಬಿಲ್ಡಿಂಗಿನ ಹಿಂದೆ ಗುಡಿಸಲಲ್ಲಿದ್ದುಕೊಂಡು ನಾಲ್ಕಾರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಚಿತ್ರದಲ್ಲಿ ಎಡಗಡೆಯಿಂದ ಮೂರನೆಯವನು, ತಲೆಗೆ ಪಟಕ ಸುತ್ತಿದವನು, ಅವಳ ಗಂಡ. ಅವನು ಬದುಕಿದ್ದಾಗ ತೆಗೆದ ಚಿತ್ರ ಅದೊಂದೇ. ಮಳೆಗೆ ಗುಡಿಸಲು ಸೋರುತ್ತದೆಂದು ವಿಮಲಾಳ ಕೈಗೆ ಕೊಟ್ಟಿದ್ದಳು. ವಿಮಲಾ ಅದನ್ನು ಯಾರ ಕೈಯೂ ತಾಗದ ಜಾಗವೆಂದು ಅಲ್ಲಿಟ್ಟಿದ್ದಳು. ಇದಿಷ್ಟೂ ನನಗೆ ತಿಳಿದದ್ದು ಮಳೆ ನಿಂತು, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ನೀಲವ್ವ ಸೆರಗಿಗೆ ಕೈಯೊರೆಸಿಕೊಂಡು ಅಡುಗೆಕೋಣೆಯ ಬಾಗಿಲಲ್ಲಿ ನಿಂತಾಗ.

“ಅಕ್ಕಾರ, ನಾಳಿ ಹಿರೇರ ಅಮಾಸಿ. ಎಡಿ ಇಡಬೇಕು. ಅವರನ್ನ ಕೊಡ್ರಿ.”

ಹಿಂದಿನ ಸಂಜೆಯಷ್ಟೇ ಊರಿನಿಂದ ಬಂದಿದ್ದ ವಿಮಲಾ ಸ್ಟೂಲು ಹತ್ತಿದಳು. ಡಬ್ಬಿ ಸರಿಸಿದಳು. ಅಲ್ಲಿಂದಲೇ ತಿರುಗಿ ನನ್ನನ್ನು ನೋಡಿದಳು.

ನಡೆದದ್ದನ್ನು ಹೇಳಿದೆ. ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು; ತಪ್ಪನ್ನು ಹಗುರ ಮಾಡಿಕೊಳ್ಳಲು ಇನ್ನೊಂದು ಮಾತು ಸೇರಿಸಿದೆ. “ನಿಂಗೆ ಓದೋಕೆ ಬರಲ್ವಲ್ಲ ನೀಲವ್ವ, ಆ ಪೇಪರು ನಿಂದಿರಬಹುದು ಅಂತ ನಂಗೆ ಹೊಳೀಲೇ ಇಲ್ಲ.”

ಅವಳು ಅಳಲಿಲ್ಲ. “ಓದಾಕ ಬರೂ ಮಂದಿಗೆ ದಿನಾ ಹೊಸಾ ಪೇಪರ ಬರತೈತ್ರಿ, ಸಾಹೇಬ್ರ. ನನಗ ಅದೊಂದ ಇತ್ತು.”

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ದಿನವೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕಣ್ಣಾಡಿಸಿ ಸಂಜೆಗೆ ಒಂದಕ್ಷರವನ್ನೂ ನೆನಪಿಡದ ನಾನು ಓದುಬಲ್ಲವನು. ಒಂದೇ ಪುಟವನ್ನು ವರ್ಷಗಟ್ಟಲೆ ನೋಡಿದವಳು ಓದು ಬಾರದವಳು! ಮುಂದೆ ಎರಡು ಮೂರು ಪತ್ರಿಕಾ ಕಚೇರಿಗಳ ಮೆಟ್ಟಿಲು ಹತ್ತಿ, ಹಳೆಯ ಪ್ರತಿ ಸಿಕ್ಕೀತೇ ಎಂದು ಬೇಡಿದೆ. ಯಾವ ಪತ್ರಿಕೆ, ಯಾವ ತಾರೀಖು ಎಂದರು. ಓದುಬಲ್ಲ ನಾನು ಅವೆರಡನ್ನೂ ಓದಿರಲಿಲ್ಲ. ಇನ್ನು ನಾನು ಉಳಿಸಿದ ಮರಗಳೋ, ಅವು ಯಾವ ಕಾಡಿನಲ್ಲಿ ನಿಂತಿವೆಯೋ ದೇವರೇ ಬಲ್ಲ. ನಮ್ಮ ರಟ್ಟು ಚಪ್ಪಲಿಯ ಡಬ್ಬಿಯಾಗುತ್ತಿತ್ತು, ಪತ್ರಿಕೆಗೆ ಹೊಸ ಮರವೇ ಬೀಳುತ್ತಿತ್ತು. ಬರ ತೀರಿದ್ದೇ ತಡ, ಭಾನುವಾರದ ಸಂಚಿಕೆ ಸೀರೆ ಸಾಬೂನುಗಳ ಜಾಹೀರಾತು ಹೊತ್ತು ಮತ್ತೆ ಮೈತುಂಬಿಕೊಂಡಿತು. ಬಿದ್ದ ಮರಗಳಲ್ಲಿ ಸಾರ್ಥಕವಾದದ್ದು ಒಂದಿದ್ದರೆ ಅದು ಆ ಹಾಳೆಗಾಗಿ ಬಿದ್ದದ್ದು. ಅದನ್ನು ನಾನು ಎರಡನೆಯ ಸಲ ಕಡಿದೆ.

ಅಂದು ಹೊಸ್ತಿಲವರೆಗೆ ಹೋಗಿದ್ದ ನೀಲವ್ವ ಏನೋ ಹೊಳೆದವಳಂತೆ ತಿರುಗಿ ನಿಂತಳು. “ಅದನ್ನ ಅರದು ಏನ ಮಾಡಿದ್ರಿ?”

“ರಟ್ಟು.”

“ಹಂಗಾರ ಅದರಾಗ ಅದಾರಲ್ರಿ. ಒಂದ ತುಂಡ ತಂದಕೊಡ್ರಿ.”

ಮರುದಿನ ಬೆಳಿಗ್ಗೆ ಕಾರ್ಖಾನೆಯಿಂದ ಅಂಗೈಯಗಲದ ತುಂಡೊಂದನ್ನು ತಂದೆ. ಅವಳು ಅದನ್ನು ಬೆಳಕಿಗೆ ಹಿಡಿದು ಎರಡು ಮಗ್ಗುಲೂ ನೋಡಿ, “ಇದರಾಗ ಅದಾರಲ್ರಿ?” ಎಂದು ಕೇಳಿದಳು. “ಇದ್ದಾರೆ” ಎಂದೆ. ಅವನಿದ್ದ ರಟ್ಟು ಮಳೆಗಾಲದಲ್ಲೇ ಚಪ್ಪಲಿಯ ಡಬ್ಬಿಯಾಗಿ ಊರಿಡೀ ಚದುರಿಹೋಗಿತ್ತು. ನಾನು ತಂದದ್ದು ಆ ವಾರದ್ದು. ಅವಳು ಅದಕ್ಕೆ ವಿಭೂತಿ ಹಚ್ಚಿ, ಗುಡಿಸಲ ಗೋಡೆಗೆ ಆನಿಸಿ ಎಡೆಯಿಟ್ಟಳು. ಎಡೆಯ ಹೋಳಿಗೆಯಲ್ಲಿ ಒಂದನ್ನು ನನಗೂ ಕಳಿಸಿದಳು. ತಿಂದೆ.

ಈಗಲೂ ಮೊದಲ ಮಳೆ ಬೀಳುವ ಮುಂಚೆ ನೀಲವ್ವ ಆ ತುಂಡನ್ನು ಬಟ್ಟೆಯಲ್ಲಿ ಸುತ್ತಿ ತಂದು ವಿಮಲಾಳ ಕೈಗೆ ಕೊಡುತ್ತಾಳೆ. ಮೇಲಿನ ಹಲಗೆಯಲ್ಲಿ ಆ ನಾಲ್ಕು ತಿಂಗಳು ಅದೊಂದೇ. ಅಡಿಗೆ ಏನೂ ಹಾಸುವುದಿಲ್ಲ, ಮೇಲೆ ಏನೂ ಇಡುವುದಿಲ್ಲ. ಉಳಿದ ತಿಂಗಳುಗಳಲ್ಲಿ ಆ ಜಾಗ ಹಾಗೇ ಖಾಲಿ. ಕೊಡುವಾಗ ಪ್ರತಿ ಸಲವೂ, ನನಗೆ ಕೇಳಿಸುವಷ್ಟು ದನಿಯೆತ್ತಿ ಅವಳು ಹೇಳುತ್ತಾಳೆ: “ಅಕ್ಕಾರ, ಸಾಹೇಬ್ರಿಗೆ ಹೇಳ್ರಿ. ಇದು ರದ್ದಿ ಅಲ್ಲ.”

ರದ್ದಿಯೇ ಎಂದು ಬಲ್ಲವನು ನಾನೊಬ್ಬನಿದ್ದೆ, ಈಗ ನೀವೂ.