ಸುಗಂಧಾಳ ಕಾರಿನ ಹೊಗೆ

ಹಾರೂಗೇರಿಯಲ್ಲಿ ಮಲಕಾರಿಯ ಗ್ಯಾರೇಜಿಗೆ ಬೋರ್ಡಿಲ್ಲ. ಬೇಕಾದವರು ಕೇಳಿಕೊಂಡು ಬರುತ್ತಾರೆ, ಬೇಡವಾದವರಿಗೆ ಬೋರ್ಡು ತೋರಿಸಿ ಏನು ಪ್ರಯೋಜನ ಎಂಬುದು ಅವನ ವಾದ. ಅಪ್ಪ ಕುರಿ ಕಾಯುತ್ತಿದ್ದವನು. ಮಗನ ಮನಸ್ಸು ಮಾತ್ರ ಕುರಿಗಳ ಮೇಲೆ ನಿಲ್ಲದೆ, ಹಿಂಡಿನ ನಡುವೆ ಸಿಕ್ಕಿಕೊಂಡು ಹಾರ್ನ್ ಬಾರಿಸುವ ಗಾಡಿಗಳ ಮೇಲೆ ಹೋಯಿತು. ಈಗ ವಯಸ್ಸು ಅರವತ್ತರ ಹತ್ತಿರ. ಸಿಟ್ಟು ಮೂಗಿನ ತುದಿಯಲ್ಲೇ ಇದೆ. ಗಾಡಿಯ ರೋಗ ಹಿಡಿಯುವುದೂ ಅದೇ ಮೂಗಿನಿಂದ.

ಅವನ ಹೆಂಡತಿಯ ಹೆಸರು ಸುಗಂಧಾ. 'ಹೆಸರು ಸುಗಂಧಾ, ಕಟ್ಟಿಕೊಂಡಿದ್ದು ಪೆಟ್ರೋಲ್ ಡಬ್ಬಿ' ಎಂದು ಗೆಳತಿಯರು ನಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅವನು ಗುಜರಿಗೆ ಹೊರಟಿದ್ದ ಒಂದು ಪೆಟ್ರೋಲ್ ಅಂಬಾಸಿಡರನ್ನು ಎಳೆದು ತಂದು, ವರ್ಷಗಟ್ಟಲೆ ಕೂತು ಜೋಡಿಸಿದ್ದ. ಅದರ ಸೀಟಿಗೆ ಬಟ್ಟೆ ಹೊಲಿದವಳು ಅವಳೇ. ಹೀಗಾಗಿ ಮನೆಯಲ್ಲಿ ಅದು ಅವ್ವನ ಕಾರು.

ಹಿಂದಿನ ಚಳಿಗಾಲದ ಒಂದು ಮುಂಜಾನೆ ಅದೇ ಕಾರಿನಲ್ಲಿ ಅವಳನ್ನು ಮೀರಜಿನ ದವಾಖಾನೆಗೆ ಕರೆದೊಯ್ದ. ಮರಳುವಾಗ ಅವಳಿರಲಿಲ್ಲ. ಅಂದಿನಿಂದ ಕಾರು ಕರಿ ಹೊಗೆ ಉಗುಳತೊಡಗಿತು. ಒಳಗೆ ಕೂತರೆ ಹಸಿ ಪೆಟ್ರೋಲಿನ ಘಾಟು. ಪಕ್ಕದ ಚಹಾದಂಗಡಿಯ ಭೀಮಸಿ, "ಮಾಮಾ, ಗಾಡಿಗೂ ದುಃಖ ಆಗೇತಿ" ಎಂದ. ಊರವರ ಗಾಡಿಯ ಬಗ್ಗೆ ಯಾರಾದರೂ ಹೀಗೆ ಹೇಳಿದ್ದರೆ ಮಲಕಾರಿ ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಬೆನ್ನು ಹತ್ತುತ್ತಿದ್ದ. ಈ ಮಾತಿಗೆ ಮಾತ್ರ ಪಾನಾ ಕೆಳಗಿಟ್ಟ. ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ, ತೀರಾ ಬೇಕಾದಾಗ ಹೊಗೆಯೊಂದಿಗೇ ಓಡಿಸಿದ, ಬಾನೆಟ್ ಎತ್ತಲಿಲ್ಲ. ತನ್ನ ಜೊತೆ ದುಃಖಿಸಲು ಇನ್ನೊಂದು ಜೀವವಿದೆ ಎಂಬುದು ಅವನಿಗೆ ಬೇಕಾಗಿತ್ತು.

ಬಾನೆಟ್ ಎತ್ತಬೇಕಾದ ದಿನ ಬಂದೇ ಬಂತು. ಅಥಣಿಗೆ ಕೊಟ್ಟ ಮಗಳು ಮಾಯಾ ಬಸುರಿ. ಸೀಮಂತದ ಕುಬಸ ಮುಗಿದ ಮೇಲೆ ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕು. ನೋಡಿಕೊಳ್ಳಲು ಮಲಕಾರಿಯ ತಂಗಿ ರುಕ್ಮವ್ವ ಆಗಲೇ ಬಂದಿದ್ದಳು. ಆದರೆ ಮಾಯಾ ಹಟ ಹಿಡಿದಳು. "ಅವ್ವ ಅಂತೂ ಕರಿಯಾಕ ಬರಂಗಿಲ್ಲ, ಅವ್ವನ ಕಾರಾದ್ರೂ ಬರಲಿ ಅಪ್ಪಾ. ಬ್ಯಾರೆ ಗಾಡಿ ತಂದಿ ಅಂದ್ರ ನಾ ಹತ್ತಂಗಿಲ್ಲ." ಹಟವೇನೋ ಸರಿ, ಆದರೆ ಹಿಂದೊಮ್ಮೆ ಅವನು ಅದೇ ಕಾರಿನಲ್ಲಿ ಅಥಣಿಗೆ ಹೋದಾಗ ಅವಳು ಬಾಗಿಲು ತೆರೆದವಳೇ ಆ ಘಾಟಿಗೆ ವಾಂತಿ ಮಾಡಿಕೊಂಡಿದ್ದಳು.

ಮಲಕಾರಿ ಪ್ಲಗ್ ಬಿಚ್ಚಿ ನೋಡಿದ. ಬಾಣಲೆಯ ತಳದಂತೆ ಮಸಿ ಹಿಡಿದಿತ್ತು. ಇಂಜಿನ್ನು ಗಾಳಿ ಕಡಿಮೆ, ಪೆಟ್ರೋಲು ಜಾಸ್ತಿ ಕುಡಿಯುತ್ತಿದೆ, ಅಷ್ಟು ಖಾತ್ರಿ. ಯಾಕೆ ಎಂಬುದೇ ಪ್ರಶ್ನೆ. ಕಾರ್ಬೋರೇಟರ್ ಬಿಚ್ಚಿದ. ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟು ಅಲುಗಿಸಿ ಕಿವಿಗೆ ಹಿಡಿದ, ಒಳಗೆ ಪೆಟ್ರೋಲು ಸೇರಿರಲಿಲ್ಲ. ಸೂಜಿ ಸರಿಯಾಗಿತ್ತು. ಪೆಟ್ರೋಲು ಹಾಯುವ ಜೆಟ್ಟಿನ ತೂತು ಬೆಳಕಿಗೆ ಹಿಡಿದು ನೋಡಿದರೆ ದೊಡ್ಡದಾಗಿರಲಿಲ್ಲ. ತಿರುಗಿ ಜೋಡಿಸಿ ಚಾಲೂ ಮಾಡಿದರೆ ಅದೇ ಹೊಗೆ.

"ದುಃಖ ಅಂತ ನಾ ಹೇಳ್ಲಿಲ್ಲೇನು?" ಎಂದ ಭೀಮಸಿ.

"ದುಃಖಕ್ಕ ಪ್ಲಗ್ ಕರಿ ಆಗಂಗಿಲ್ಲಲೇ, ಬಾಯಿ ಮುಚ್ಚು!" ಒಂದು ವರ್ಷದಿಂದ ತಾನೂ ನಂಬಿದ್ದ ಮಾತನ್ನು ಮಲಕಾರಿ ಹೀಗೆ ಕೊಡವಿ ಒಗೆದ.

ಇಂಜಿನ್ನು ಓಡುತ್ತಿದ್ದಂತೆಯೇ ಗಾಳಿಯ ಫಿಲ್ಟರ್ ತೆಗೆದು ಇಣುಕಿದ. ಕಾರ್ಬೋರೇಟರಿನ ಬಾಯಿಗಿರುವ, ಥಂಡಿಯಲ್ಲಿ ಚಾಲೂ ಮಾಡುವಾಗ ಮಾತ್ರ ಗಾಳಿ ತಡೆಯಬೇಕಾದ ಚೋಕಿನ ತಗಡು ಅರ್ಧ ಮುಚ್ಚಿಕೊಂಡಿತ್ತು. ಬೆರಳಿನಿಂದ ನೂಕಿ ತೆರೆದ. ಇಂಜಿನ್ನಿನ ಉಬ್ಬಸ ಇಳಿಯಿತು. ಬೆರಳು ತೆಗೆದ, ತಗಡು ಮತ್ತೆ ಮುಚ್ಚಿತು. ಅತ್ತ ಕಡೆಯಿಂದ ಯಾರೋ ತಂತಿ ಜಗ್ಗಿ ಹಿಡಿದಂತಿತ್ತು. 'ಮೊದಲ ಚೋಕ್ ನೋಡ್ರಿ, ಆಮ್ಯಾಲೆ ಬಿಚ್ರಿ' ಎಂದು ಜಗತ್ತಿಗೆಲ್ಲ ಬೈಯುವ ಮನುಷ್ಯ ಅದೊಂದನ್ನೇ ನೋಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ.

ನೋಡದಿರಲು ಕಾರಣವೂ ಇತ್ತು. ಚೋಕಿನ ಗುಂಡಿ ಸ್ಟೇರಿಂಗಿನ ಪಕ್ಕದಲ್ಲಿದೆ, ಅದರಿಂದ ಚಿಂಚಲಿಯ ದೇವಿ ಮಾಯಕ್ಕನ ಭಂಡಾರದ ಪುಟ್ಟ ಚೀಲ ಜೋತಾಡುತ್ತದೆ. ಸುಗಂಧಾ ಕಟ್ಟಿದ ಆ ಅರಿಶಿನದ ಚೀಲದತ್ತ ಕಣ್ಣು ಹಾಯಿಸದೆಯೇ ಗಾಡಿ ಓಡಿಸುವುದನ್ನು ಅವನು ರೂಢಿ ಮಾಡಿಕೊಂಡಿದ್ದ.

ಈಗ ಬಗ್ಗಿ ನೋಡಿದ. ಗುಂಡಿ ಹೊರಗೆ ಎಳೆದಂತೆಯೇ ಇತ್ತು. ಅದರ ಹಿಂದಿನ ಸಂದಿಗೆ ದಾರ ಸುತ್ತಿ ಸುತ್ತಿ ಗಂಟು ಬಿಗಿದಿತ್ತು, ಗುಂಡಿ ಒಳಗೆ ಹೋಗಲು ಜಾಗವೇ ಇರಲಿಲ್ಲ. ಆ ಮುಂಜಾನೆ ನೆನಪಾಯಿತು. ಥಂಡಿಗೆ ಇಂಜಿನ್ನು ಹಿಡಿಯದೆ ಅವನೇ ಚೋಕ್ ಎಳೆದಿದ್ದ. ಇಂಜಿನ್ನು ಓಡಲು ಬಿಟ್ಟು ಮನೆಗೆ ಬೀಗ ಹಾಕಲು ಇಳಿದಿದ್ದ. ಅಷ್ಟರಲ್ಲಿ, ಚೀಲವನ್ನು ಕನ್ನಡಿಗೆ ಕಟ್ಟಿದರೆ ಗಂಡ ಬೈಯುತ್ತಾನೆಂದು, ಕೂತಲ್ಲೇ ಗೂಟದಂತೆ ಕಂಡ ಆ ಗುಂಡಿಗೆ ಅವಳು ಕಟ್ಟಿಬಿಟ್ಟಿದ್ದಳು. ಗಾಬರಿಯಲ್ಲಿ ಅವನು ಚೋಕನ್ನು ಮರೆತಿದ್ದ. ಅವಳ ಕೈ ಮಾಡಿದ ಕೊನೆಯ ಕೆಲಸ ಅದು.

ಅವನಿಗೆ ನಗು ಬಂತು. 'ಏನ ಬೇ, ಚೋಕಿಗೆ ದೇವರ ಕಟ್ತಾರೇನ?' ಎಂದು ಹೇಳಲು ನಿಜವಾಗಿಯೂ ಮನೆಯ ಕಡೆ ತಿರುಗಿದ. ಒಳಗೆ ರುಕ್ಮವ್ವ ಜೋಳ ಹಸನು ಮಾಡುತ್ತಿದ್ದಳು. ಈ ನಗೆಯನ್ನು ಪೂರ್ತಿ ನಗಬಲ್ಲವಳು ಒಬ್ಬಳೇ ಇದ್ದಳು, ಅವಳಿಲ್ಲ. ಸುಗಂಧಾ ಬೇಕು ಎಂದು ಅವನಿಗೆ ಅಷ್ಟು ಜೋರಾಗಿ ಅನ್ನಿಸಿದ್ದು ಮಣ್ಣು ಮಾಡಿದ ದಿನವೂ ಅಲ್ಲ.

ಭೀಮಸಿ ಬ್ಲೇಡು ತಂದ. ಮಲಕಾರಿ ಅವನ ಕೈ ನೂಕಿದ. ಬಿಚ್ಚಲೂ ಮನಸ್ಸಿರಲಿಲ್ಲ, ಕತ್ತರಿಸಲೂ ಇರಲಿಲ್ಲ. ಸಣ್ಣ ತಿರುಪು ಸಡಿಲಿಸಿ ಗುಂಡಿಯನ್ನೇ ಬೇರ್ಪಡಿಸಿ, ಗಂಟನ್ನು ಹಾಗೇ ಮೆಲ್ಲಗೆ ಜಾರಿಸಿ ತೆಗೆದು, ಚೀಲ ಸಮೇತ ಅಂಗಿಯ ಕಿಸೆಗೆ ಹಾಕಿಕೊಂಡ. ಗುಂಡಿ ಕೂಡಿಸಿ ಒತ್ತಿದ. ಒಳಗೆ ಹೋಯಿತು. ಹೊಗೆ ಬಿಳುಪಾಗುತ್ತ ಹೋಗಿ ಇಲ್ಲವಾಯಿತು.

ಮರುದಿನ ಕೃಷ್ಣಾ ಹೊಳೆ ದಾಟಿ ಅಥಣಿಗೆ ಹೋದ. ಮಾಯಾ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕಾರು ಹತ್ತಿದಳು. ಸ್ವಲ್ಪ ಹೊತ್ತಿಗೆ ಸೆರಗು ಇಳಿಸಿ ಉಸಿರೆಳೆದಳು.

"ವಾಸನಿ ಹೋಗೇತಲ್ಲ ಅಪ್ಪಾ! ಏನಾಗಿತ್ತು?"

"ನಿಮ್ಮವ್ವ ಹಿಡಕೊಂಡಿದ್ಲವ್ವಾ. ಬಿಡಿಸಿಕೊಂಡ ಬಂದೆ."

ಅಪ್ಪನ ಎಂದಿನ ಚೇಷ್ಟೆ ಎಂದುಕೊಂಡು ಅವಳು ನಕ್ಕಳು. ಭಂಡಾರದ ಚೀಲವನ್ನು ಮಗಳ ಉಡಿಗೆ ಹಾಕಬೇಕೆಂದು ಅವನು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಕಿಸೆಗೆ ಕೈ ಹಾಕಿದ, ಗಂಟು ಬೆರಳಿಗೆ ತಾಕಿತು. ಕೊಡಲು ಆಗಲಿಲ್ಲ. ಬರಿಗೈ ಹೊರಗೆ ತೆಗೆದು ಗೇರು ಹಾಕಿದ.