ಹಗ್ಗದಾಚೆ ಕೂತಿದ್ದ ನಾಗವ್ವ

ನಮ್ಮ ಸೀಮೆ ಆಗತಾನೇ ಹೈದರಾಬಾದ್ ಬಿಟ್ಟು ಕನ್ನಡ ನಾಡಿಗೆ ಸೇರಿತ್ತು. ನಾನು ಡೇರೆ ಸಿನಿಮಾದಲ್ಲಿ ಹಿಂದಿ ಮಾತನ್ನು ಮೈಕಿನಲ್ಲಿ ಕನ್ನಡ ಮಾಡಿ ಹೇಳುವವನು. ಸುರಪುರದಲ್ಲಿ ಹಾಕಿದ ಚಿತ್ರದಲ್ಲಿ ಪಾರಿವಾಳದ ಹುಚ್ಚಿನ ಮುದುಕನೊಬ್ಬ ಬೀಡಿ ಸೇದುವ ಮುದಿ ವಿಧವೆಗೆ ಮನಸೋಲುತ್ತಾನೆ. ಜನ ಕಲ್ಲು ಒಗೆದಾರು ಎಂದು ಮೊದಲೇ ಹೆದರಿದ್ದೆ.

"ನನ್ನ ಮದುವಿ ಆಗ್ತಿಯೇನು?" ಎಂಬ ಮುದುಕನ ಮಾತನ್ನು ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಗಂಡಸರ ನಡುವಿನಿಂದ ಕಂಬಳಿ ಹೊದ್ದ ಮುದಿ ಕುರಿಗಾರನೊಬ್ಬ ಎದ್ದು ನಿಂತ. ಕಲ್ಲು ಬಂತು ಎಂದು ತಲೆ ತಗ್ಗಿಸಿದೆ. ಅವನು ನಡುವೆ ಅಡ್ಡ ಕಟ್ಟಿದ್ದ ಹಗ್ಗದಾಚೆ ಕೂತಿದ್ದ ಹೆಂಗಸರ ಕಡೆ ತಿರುಗಿ ಕೂಗಿದ:

"ನಾಗವ್ವಾ, ಕೇಳಿದೇನು? ನಾನೂ ಅದನ್ನ ಕೇಳಾಕತ್ತೇನಿ. ಏನಂತಿ?"

ನಾಗವ್ವನ ಮಗ ಗಂಡಸರ ಮುಂದಿನ ಸಾಲಿನಿಂದ ಎದ್ದು, "ಅವ್ವಾ, ಮಾತಾಡಬ್ಯಾಡ!" ಎಂದು ಗುಡುಗಿದ.

ತಲೆಯೆಲ್ಲ ನರೆತ, ಹಣೆಯಲ್ಲಿ ಕುಂಕುಮವಿಲ್ಲದ ಹೆಂಗಸೊಬ್ಬಳು ಸೆರಗು ಸರಿಮಾಡಿಕೊಂಡು ನಿಧಾನವಾಗಿ ಎದ್ದಳು.

"ನೀ ಕುಂದ್ರಪಾ. ನಿನ್ನ ಲಗ್ನಕ್ಕ ನಾ ಅಡ್ಡ ಬಂದಿದ್ನೇನು?"

ಮಗ ಕೂತ. ನಾಗವ್ವ ಕುರಿಗಾರನತ್ತ ತಿರುಗಿದಳು.

"ಹೂಂ ಅಂತೀನಿ. ಈಗ ಸಿನಿಮಾ ನೋಡಾಕ ಬಿಡು."

ಅಷ್ಟು ಹೇಳಿ ಕೂತೇಬಿಟ್ಟಳು. ಮೈಕು ಕೈಯಲ್ಲೇ ಇತ್ತು, ನಾನು ಪರದೆ ಬಿಟ್ಟು ಅವರಿಬ್ಬರನ್ನೇ ನೋಡುತ್ತ ಕೂತುಬಿಟ್ಟೆ. ಉಳಿದ ಚಿತ್ರ ಹಿಂದಿಯಲ್ಲೇ ಓಡಿತು. ಪರದೆಯ ಮೇಲಿನ ಮುದುಕಿ ಏನಂದಳೆಂದು ನನ್ನನ್ನು ಕೇಳುವ ಪುರಸೊತ್ತು ಡೇರೆಯಲ್ಲಿ ಒಬ್ಬರಿಗೂ ಇರಲಿಲ್ಲ.